ಅವ್ವ ಕ್ಯಾಮ್‌ಶಾಫ್ಟ್ ಕೂಡಿಸಿದ ಎಳ್ಳಮಾಸಿ

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂತೆಂದರೆ ಆ ದಿನಗಳಲ್ಲಿ ನರೋಣಾದ ನಮ್ಮ ಮನೆಯಲ್ಲಿ ಎರಡು ವಾಸನೆಗಳು ಬೆರೆತಿರುತ್ತಿದ್ದವು. ಒಂದು ಸಜ್ಜಿ ರೊಟ್ಟಿಗೆ ಹಚ್ಚುವ ಎಳ್ಳಿನದು, ಇನ್ನೊಂದು ಅವ್ವನ ಹೊಲಿಗೆ ಮಷಿನ್ನಿನ ಎಣ್ಣೆಯದು. ಹಬ್ಬಕ್ಕೆ ಊರ ಹೆಂಗಸರಿಗೆಲ್ಲ ಹೊಸ ಜಂಪರು ಬೇಕು, ಅದೂ ನಿನ್ನೆಯೇ ಬೇಕು. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಇವೆರಡರ ಜೊತೆಗೆ ಮೂರನೆಯ ವಾಸನೆಯೊಂದು ಬಂದು ಸೇರಿತು. ಅದು ಗುರು ಕಾಕಾನ ಕಾರಿನ ಕರಿ ಎಣ್ಣೆಯ ವಾಸನೆ.

ಗುರು ಕಾಕಾ ಅಪ್ಪನ ತಮ್ಮ. ಅಪ್ಪ ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದು, ರವಿವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನ ಮನೆಯಲ್ಲಿ ಗಂಡಸು ಅಂದರೆ ಕಾಕಾ ಒಬ್ಬನೇ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಬಸುರಿಯರನ್ನು ಕಲಬುರಗಿಯ ದವಾಖಾನೆಗೆ, ಮದುಮಗನನ್ನು ಲಗ್ನಕ್ಕೆ, ಜಗಳಗಂಟರನ್ನು ಆಳಂದ ಕೋರ್ಟಿಗೆ ಒಯ್ಯುವುದು ಅದರ ಕೆಲಸ. ಆದರೆ ಕಾಕಾನ ಜೀವವೆಲ್ಲ ಇದ್ದದ್ದು ವರ್ಷಕ್ಕೊಂದು ದಿನದ ಮೇಲೆ. ಎಳ್ಳಮಾಸಿ ಮುಗಿದ ಮೇಲಿನ ರವಿವಾರ ಅಫಜಲಪುರದ ದಾರಿಯ ಒಂದು ಬಯಲಿನಲ್ಲಿ ಸುತ್ತಲಿನ ಹುಡುಗರೆಲ್ಲ ಸೇರಿ ಕಾರು ಓಡಿಸುವ ಪಂದ್ಯ ಇಡುತ್ತಿದ್ದರು. ಹಿಂದಿನ ವರ್ಷ ಆ ಬಯಲಿನ ದಿಬ್ಬ ಏರುವಾಗ ಕಾಕಾನ ಕಾರು ಅರ್ಧಕ್ಕೆ ಉಸಿರುಗಟ್ಟಿ ನಿಂತುಬಿಟ್ಟಿತ್ತು. ಕೊನೆಗೆ ಎರಡು ಎತ್ತು ಕಟ್ಟಿ ಎಳೆದು ತಂದರು. ಅಂದಿನಿಂದ ಕಟ್ಟೆಯ ಮೇಲೆ ಕೂತವರಿಗೆ ಒಂದೇ ಮಾತು: "ಏನ್ರಿ ಗುರಣ್ಣ, ಕಾರಿಗಿ ಮೇವು ಹಾಕಿದ್ರ್ಯಾ?" ಕಾಕಾ ನಗುತ್ತಿದ್ದ. ಒಳಗೆ ಬಂದು ಊಟ ಮಾಡದೆ ಮಲಗುತ್ತಿದ್ದ.

ಆ ವರ್ಷ ಕಾಕಾನ ಗೆಳೆಯ ಖಾಜಾ ಸೊಲ್ಲಾಪುರದಿಂದ ಬಸ್ಸಿನಲ್ಲಿ ಬಂದಿಳಿದ. ಅಲ್ಲಿನ ಗ್ಯಾರೇಜೊಂದರಲ್ಲಿ ಟಾಯರು, ಬ್ರೇಕಿನ ಕೆಲಸ ಮಾಡುತ್ತಿದ್ದ. ಕೂಸನ್ನು ಸುತ್ತಿದ ಹಾಗೆ ಲುಂಗಿಯಲ್ಲಿ ಸುತ್ತಿ ತಂದಿದ್ದ ಎರಡು ಉಕ್ಕಿನ ಸರಳುಗಳನ್ನು ಪಡಸಾಲೆಯಲ್ಲಿ ಬಿಚ್ಚಿದ. ಅವೇ ಕ್ಯಾಮ್‌ಶಾಫ್ಟುಗಳು. ಎಂಜಿನ್ನಿನ ನೆತ್ತಿಯ ಮೇಲೆ ಅಡ್ಡ ಮಲಗಿ ತಿರುಗುವ ಸರಳುಗಳವು. ಮೈತುಂಬ ಉಬ್ಬುಗಳು. ಉಬ್ಬು ಬಂದು ಒತ್ತಿದಾಗ ಕೆಳಗಿನ ವಾಲ್ವ್ ತೆರೆಯುತ್ತದೆ, ದಾಟಿದಾಗ ಮುಚ್ಚುತ್ತದೆ. ಪಂದ್ಯಕ್ಕೆಂದೇ ಮಾಡಿದ ಈ ಸರಳುಗಳ ಉಬ್ಬು ದಪ್ಪ. ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದು ಎಂಜಿನ್ ಎದೆ ತುಂಬ ಉಸಿರೆಳೆದುಕೊಳ್ಳುತ್ತದೆ ಎಂದು ಖಾಜಾ ನನಗೆ ಕೈ ಅಗಲಿಸಿ ತೋರಿಸಿದ.

"ಹಾಕವರು ಯಾರು ಮತ್ತ?" ಕಾಕಾ ಕೇಳಿದ. "ಕಲಬುರಗ್ಯಾಗ ಇಬ್ಬರು ಮಿಸ್ತ್ರಿಗೋಳು ಒಲ್ಲೆ ಅಂದಾರ."

"ನನ್ನ ಕೇಳಬ್ಯಾಡೋ ಮಾರಾಯ. ನಾ ಟಾಯರ್ ಕೆಲಸದಾಂವ. ಬೆಲ್ಟಿನ ಒಂದ ಹಲ್ಲು ಹೆಚ್ಚುಕಮ್ಮಿ ಆತಂದ್ರ ವಾಲ್ವಿಗಿ ಪಿಸ್ಟನ್ ಬಡೀತದ. ಇಂಜಿನ್ ಖತಂ."

ಎಂಜಿನ್ ಹೋದರೆ ಪಂದ್ಯ ಒಂದೇ ಅಲ್ಲ, ಕಾಕಾನ ಬಾಡಿಗೆ ಕೆಲಸವೂ ನಿಲ್ಲುತ್ತಿತ್ತು. ಅದು ನನಗೂ ಗೊತ್ತಿತ್ತು.  ಬಾಯಲ್ಲಿ ದಾರ ಕಚ್ಚಿಕೊಂಡು ಗುಂಡಿ ಹಚ್ಚುತ್ತಿದ್ದ ಅವ್ವ ಎದ್ದು ಬಂದು ಒಂದು ಸರಳನ್ನೆತ್ತಿ ಅದರ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಇದು ನನ್ನ ಮಷಿನ್ನಿನಾಗೂ ಅದ," ಎಂದಳು.

ಕಾಕಾ ನಕ್ಕುಬಿಟ್ಟ. ಅವ್ವ ನಗಲಿಲ್ಲ. ಹೊಲಿಗೆ ಮಷಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಗಾಲಿಯನ್ನು ಮೆಲ್ಲಗೆ ತಿರುಗಿಸಿ ಒಳಗಿನ ಉಬ್ಬನ್ನು ತೋರಿಸಿದಳು. ಊರಿನ ಅಷ್ಟೂ ಹೊಲಿಗೆ ಮಷಿನ್ನು ಕೆಟ್ಟರೆ ಬರುತ್ತಿದ್ದದ್ದು ಅವಳ ಹತ್ತಿರವೇ. "ಸೂಜಿ ಇಳದ ಹೊತ್ತಿಗಿ ಕೆಳಗಿನ ಕೊಕ್ಕಿ ಬಂದು ದಾರ ಹಿಡೀಬೇಕ್ರಿ. ಹೊತ್ತು ತಪ್ಪಿದ್ರ ಸೂಜಿ ಮುರೀತದ. ನಿಮ್ಮದೂ ಅಷ್ಟ ಅಲ್ಲೇನು? ಗುರಣ್ಣ, ನಾ ಕೂಡಸ್ತೇನಿ. ಪಾನಾ ಹಿಡಿಯಾಕ ನೀವಿಬ್ರು ನಿಲ್ರಿ."

"ನಿನಗ್ಯಾಕ ಬೇ ಈ ಉಸಾಬರಿ?" ಎಂದು ಆಯಿ, ಅಂದರೆ ಅಪ್ಪನ ತಾಯಿ, ಅಡುಗೆಮನೆಯಿಂದಲೇ ಕೂಗಿದಳು. ಅವ್ವನಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ, ದೇವರೇ ಬಲ್ಲ.

ಹಬ್ಬಕ್ಕೆ ಎರಡು ದಿನವಿರುವಾಗ ಅಂಗಳದ ತಗಡಿನ ಪತ್ರಾದ ಕೆಳಗೆ ಕೆಲಸ ಶುರುವಾಯಿತು. ಅವ್ವ ಮೊದಲು ಬೋಲ್ಟು ಬಿಚ್ಚುವ ಪಾನಾ ಹಿಡಿಯಲಿಲ್ಲ, ಕತ್ತರಿ ಹಿಡಿದಳು. ಹಳೆಯ ಧೋತರದ ತುಂಡಿಗೆ ಸಾಲಾಗಿ ಸಣ್ಣ ಸಣ್ಣ ಕಿಸೆ ಹೊಲಿದಳು. ಬಿಚ್ಚಿದ ಒಂದೊಂದು ಬೋಲ್ಟಿಗೂ ಒಂದೊಂದು ಕಿಸೆ, ಯಾವುದು ಎಲ್ಲಿಯದೋ ಅದೇ ಸಾಲಿನಲ್ಲಿ. ಅದನ್ನು ನೋಡಿ ಖಾಜಾ, "ಭಾಬಿ, ನಮ್ಮ ಗ್ಯಾರೇಜಿನಾಗ ಎಲ್ಲಾ ಒಂದ ಡಬ್ಬಿಗಿ ಒಗೀತೇವ್ರಿ," ಎಂದು ತಲೆ ಕೆರೆದುಕೊಂಡ. ಕಾರಿನ ಮುಂದಿನ ಬಲಗಾಲಿ ಬಿಚ್ಚಿ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು.

ಮರುದಿನ ನಾನು ಸಾಲಿಗೆ ಹೋದಾಗ ಮುಖ್ಯವಾದದ್ದೊಂದು ನಡೆಯಿತು. ಆಮೇಲೆ ಕೇಳಿ ತಿಳಿದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಮೇಲೆ ಕ್ಯಾಮ್‌ಶಾಫ್ಟುಗಳಿಗೆ ಎರಡು ಪುಲ್ಲಿ, ಕೆಳಗೆ ಪಿಸ್ಟನ್ನುಗಳನ್ನು ಏರಿಳಿಸುವ ದಂಡಕ್ಕೆ ಒಂದು ಪುಲ್ಲಿ, ಮೂರನ್ನೂ ಕೂಡಿಸುವುದು ಒಂದೇ ಬೆಲ್ಟು. ಮೇಲಿನವಕ್ಕೆ ಕಾರ್ಖಾನೆಯ ಗುರುತಿತ್ತು. ಕೆಳಗಿನ ಪುಲ್ಲಿಯನ್ನು ಹಿಂದಿನ ಮಾಲಕ ಎಂದೋ ಬದಲಿಸಿದ್ದರಿಂದ ಅದಕ್ಕಿರಲಿಲ್ಲ. ಅವ್ವ ಮೇಲಿನ ಗುರುತು ಕೂಡಿಸಿ, ಆಗ ಕೆಳಗಿನ ಪುಲ್ಲಿಯ ಮೇಲೆ, ಎದುರಿಗಿದ್ದ ಎಂಜಿನ್ನಿನ ಒಂದು ಬೋಲ್ಟಿನ ನೇರಕ್ಕೆ, ತನ್ನ ನೀಲಿ ಚಾಕ್‌ಪೀಸಿನಿಂದ ಗೆರೆ ಎಳೆದಳು. ಅರಿವೆ ಕತ್ತರಿಸುವ ಮುನ್ನ ಎಳೆಯುವ ಅದೇ ಚಾಕ್‌ಪೀಸು, ಅದೇ ತೆಳು ಗೆರೆ. ಹೊಸ ಸರಳು ಕೂಡಿಸುವಾಗ ಆ ಗೆರೆ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಹಳೆಯ ಸರಳುಗಳನ್ನು ಹೊರಗೆ ತೆಗೆದು, ಹಬ್ಬ ಮುಗಿಯಲಿ ಎಂದು ಕಾರಿನ ಮೇಲೆ ಚಾದರ ಹೊದಿಸಿದರು.

ನಮ್ಮ ಕಡೆ ಪ್ರತಿ ಅಮಾಸಿಗೂ ಗಾಡಿ ತೊಳೆದು ಪೂಜೆ ಮಾಡುವ ಪದ್ಧತಿ. ಎತ್ತಿನ ಗಾಡಿಯ ಕಾಲದ್ದು, ಕಾರಿಗೂ ಬಂತು. ಕಾಕಾನ ಕಾರಿನ ಪೂಜೆಯಲ್ಲಿ ತೊಳೆಯುವ ಪಾಲು ನನ್ನದು, ಅದರಲ್ಲಿ ನನಗೆ ಭಾರಿ ಜಂಬ. ಎಳ್ಳಮಾಸಿಯ ಬೆಳಿಗ್ಗೆ ಕಾಕಾ, ಖಾಜಾ ಹೊಲಕ್ಕೆ ಸಾಮಾನು ಒಯ್ದಿದ್ದರು. ಅವ್ವನ ಕೈ ಭಜ್ಜಿ ಪಲ್ಯದ ಗಡಿಗೆಯಲ್ಲಿತ್ತು.

"ಮಾದೇವಿ, ಅಮಾಸಿ ದಿನ ಗಾಡಿ ಹೊಲಸ ಬಿಡಬಾರ್ದವ್ವ. ಲಗೂನ ತೊಳದು ಇಬತ್ತಿ ಹಚ್ಚು," ಎಂದಳು ಆಯಿ.

ನಾನು ಚಾದರ ಸರಿಸಿದೆ. ಗಾಜು ತೊಳೆದೆ, ಬಾಗಿಲು ತೊಳೆದೆ. ಗಾಲಿ ಬಿಚ್ಚಿದ ಜಾಗದಲ್ಲಿ ಕರಿ ಎಣ್ಣೆ ಮೆತ್ತಿಕೊಂಡ ಪುಲ್ಲಿ ಕಂಡಿತು. ಅದನ್ನು ಬಿಟ್ಟರೆ ಹೇಗೆ? ತೆಂಗಿನ ನಾರಿಗೆ ಸಾಬೂನು ಹಚ್ಚಿ, ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ತಿರುಗಿಸುತ್ತ ಗಸಗಸ ತಿಕ್ಕಿದೆ. ಪ್ಲಗ್ಗುಗಳನ್ನೆಲ್ಲ ಬಿಚ್ಚಿದ್ದರಿಂದ ಅದು ಹಗುರಾಗಿ ತಿರುಗುತ್ತಿತ್ತು. ಫಳಫಳ ಹೊಳೆಯುವ ಹಾಗೆ ಮಾಡಿ ಕೈ ನೋಡಿಕೊಂಡರೆ ಬೆರಳಿನಲ್ಲಿ ನೀಲಿ.

ಆ ನೀಲಿ ನನಗೆ ಗೊತ್ತಿತ್ತು. ಅವ್ವ ಚಾಕ್‌ಪೀಸಿನಿಂದ ಗುರುತು ಹಾಕಿದ ಜಾಗವನ್ನು ನಮ್ಮ ಮನೆಯಲ್ಲಿ ನೊಣವೂ ಮುಟ್ಟುವಂತಿರಲಿಲ್ಲ.  ಆಗಲಾದರೂ ಓಡಿಹೋಗಿ ಹೇಳಬಹುದಿತ್ತು. ನಾನು ಮಾಡಿದ್ದು ಬೇರೆ. ಒಳಗೆ ಹೋಗಿ ಡಬ್ಬಿಯಿಂದ ಚಾಕ್‌ಪೀಸಿನ ಚೂರು ಕದ್ದು ತಂದು, ಇಲ್ಲೇ ಇದ್ದಿರಬೇಕು ಎನಿಸಿದ ಕಡೆ, ಅವ್ವನ ಗೆರೆಯಷ್ಟೇ ತೆಳ್ಳಗೆ ಒಂದು ಗೆರೆ ಎಳೆದೆ. ಅದರ ಪಕ್ಕ ವಿಭೂತಿಯನ್ನೂ ಹಚ್ಚಿದೆ, ದೇವರಾದರೂ ಸರಿಮಾಡಲಿ ಎಂದು.

ಅಂದು ಹೊಲದಲ್ಲಿ ಭೂತಾಯಿಗೆ ಹಬ್ಬದ ಅಡುಗೆಯ ಚರಗ ಚೆಲ್ಲಿ ಎಲ್ಲರೂ ಉಣ್ಣಲು ಕೂತರು. ಸಜ್ಜಿ ರೊಟ್ಟಿ, ಹಸಿ ತೊಗರಿಕಾಳಿನ ಭಜ್ಜಿ, ಶೇಂಗಾ ಹೋಳಿಗಿ, ಮೇಲೆ ತಣ್ಣನೆಯ ಅಂಬಲಿ. ವರ್ಷವೆಲ್ಲ ಕಾದು ತಿನ್ನುತ್ತಿದ್ದ ಆ ಊಟವನ್ನು ಅಂದು ನಾನು ಎಲೆಯಲ್ಲೇ ಬಿಟ್ಟು ಎದ್ದೆ. "ಕಣ್ಣ ಬಿದ್ದದ ಹುಡುಗೀಗಿ," ಎಂದು ಆಯಿ ಉಪ್ಪು ನಿವಾಳಿಸಿದಳು.

ಮರುದಿನ ಅವ್ವ ಸೆರಗು ಕಟ್ಟಿ ಎಂಜಿನ್ನಿನ ಮುಂದೆ ನಿಂತಳು. ಸರಳುಗಳಿಗೆ ಎಣ್ಣೆ ಸವರಿ, ಮಲಗಿಸಿ, ಕಿಸೆಗಳಿಂದ ಒಂದೊಂದೇ ಬೋಲ್ಟು ತೆಗೆದು ನಡುವಿನಿಂದ ಅಂಚಿಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡಿಸಿದಳು. ಮೇಲಿನ ಗುರುತು ನೋಡಿದಳು, ಕೆಳಗೆ ಬಗ್ಗಿ ನೀಲಿ ಗೆರೆ ನೋಡಿದಳು, ಬೆಲ್ಟು ಹಾಕಿದಳು. ಕಾಕಾ ಚಾವಿ ಹಿಡಿದು ಸೀಟಿಗೆ ಹಾರಿದ.

"ತಡೀರಿ ಗುರಣ್ಣ. ಮದಲ ಕೈಲೆ ಎರಡ ಸುತ್ತು."

ಹೊಲಿಗೆ ಮಷಿನ್ನು ರಿಪೇರಿ ಮಾಡಿದಾಗಲೂ ಅವಳದು ಅದೇ ನೇಮ. ಕೈಯಿಂದ ಗಾಲಿ ಎರಡು ಸುತ್ತು ತಿರುಗಿಸದೆ ಕಾಲಿನ ಹಲಗೆ ಮುಟ್ಟುತ್ತಿರಲಿಲ್ಲ. ಕೆಳಗಿನ ಪುಲ್ಲಿಗೆ ಪಾನಾ ಹಚ್ಚಿ ತಿರುಗಿಸಿದಳು. ಅರ್ಧ ಸುತ್ತು ಆಗಿರಲಿಲ್ಲ, ಟಕ್ ಎಂದು ನಿಂತಿತು.

"ಹೊಸಾ ಸರಳು ವೈನಿ, ಬಿಗಿ ಇರ್ತದ," ಎಂದು ಕಾಕಾ ಇಳಿದು ಬಂದು ಒಂದು ಕಬ್ಬಿಣದ ಪೈಪು ತಂದ. ಪಾನಾದ ಹಿಡಿಕೆಗೆ ಸಿಕ್ಕಿಸಿದರೆ ಬಲ ಹೆಚ್ಚುತ್ತದೆ. "ಸರೀರಿ, ಜರಾ ಜೋರ ಕೊಡ್ತೇನಿ."

ಅವ್ವ ಸರಿಯಲಿಲ್ಲ. ಮತ್ತೆ ಬಗ್ಗಿ ಗೆರೆ ನೋಡಿದಳು. "ಗೆರಿ ಕೂಡೇದ. ಮತ್ಯಾಕ ನಿಲ್ತು?" ಎಂದು ತನಗೆ ತಾನೇ ಹೇಳಿಕೊಂಡಳು. ಹಣೆಯ ಮೇಲೆ ಬೆವರು. ಅಂಥ ಮುಖ ಅವಳದು ನಾನು ಎಂದೂ ನೋಡಿರಲಿಲ್ಲ. "ನಂದ ಏನರ ತಪ್ಪೇದ ನೋಡ್ರಿ ಗುರಣ್ಣ. ನನಗ ತಿಳೀವಲ್ದು."

ಕಾಕಾ ಪೈಪು ಸಿಕ್ಕಿಸಿದ. ಅವ್ವ ತನ್ನದೇ ತಪ್ಪೆಂದು ಒಪ್ಪಿಕೊಂಡದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಅವ್ವಾ, ಆ ಗೆರಿ ನಿಂದಲ್ಲ," ಎಂದೆ. "ನಂದು."

ಅಳುತ್ತ ಎಲ್ಲ ಹೇಳಿದೆ. ಕಾಕಾನ ಕೈಯಿಂದ ಪೈಪು ಜಾರಿ ಖಣ್ ಎಂದು ಕಲ್ಲಿನ ಮೇಲೆ ಬಿತ್ತು. ಖಾಜಾ "ಯಾ ಅಲ್ಲಾ" ಎಂದು ನೆಲಕ್ಕೆ ಕೂತ. ಅವ್ವ ನನ್ನತ್ತ ತಿರುಗಿದಳು. ಈಗ ಬಿತ್ತು ಏಟು ಎಂದು ನಾನು ಕಣ್ಣು ಮುಚ್ಚಿದೆ.

"ಕಣಕಿ ಬಣವಿಗಿ ಹೋಗು," ಎಂದಳು ಅವ್ವ. "ಉದ್ದಂದು, ನೆಟ್ಟಗಿಂದು ಒಂದ ಕಡ್ಡಿ ತಾ. ಸೀಳಿದ್ದು ತರಬ್ಯಾಡ."

ಬಣವಿಯಲ್ಲಿನ ಜೋಳದ ದಂಟುಗಳನ್ನೆಲ್ಲ ಕೆದಕಿ, ಬೆರಳಿಗಿಂತ ತೆಳ್ಳಗಿನ, ನುಣ್ಣನೆಯ ಕಡ್ಡಿ ಆರಿಸಿ ತಂದೆ. ಅಷ್ಟರಲ್ಲಿ ಅವ್ವ ಕೂಡಿಸಿದ್ದನ್ನೆಲ್ಲ ಬಿಚ್ಚತೊಡಗಿದ್ದಳು. "ಹೊಲಗಿ ಬಿಚ್ಚಾಕ ಬ್ಯಾಸರ ಮಾಡ್ಕೋಬಾರ್ದ್ರಿ," ಎಂದು ಕಾಕಾನಿಗೆ ಹೇಳುತ್ತ ಬೋಲ್ಟುಗಳನ್ನು ಮತ್ತೆ ಅವುಗಳ ಕಿಸೆಗೆ ಸೇರಿಸುತ್ತಿದ್ದಳು. ಸರಳುಗಳು ಹೊರಬಂದ ಮೇಲೆ, ಕಡ್ಡಿಯ ತುದಿಗೆ ಕೆಂಪು ದಾರ ಬಿಗಿದು, ಮೊದಲನೆಯ ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟಳು. ಒಳಗೆ ಪಿಸ್ಟನ್ನಿನ ನೆತ್ತಿಗೆ ಅದು ತಾಗಿ ನಿಂತಿತು. ಪುಲ್ಲಿ ತಿರುಗಿಸಿದರೆ ಕಡ್ಡಿ ಮೇಲೇರುತ್ತಿತ್ತು, ಒಂದು ಚೂರು ನಿಲ್ಲುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಬೇಕಾದದ್ದು ಪಿಸ್ಟನ್ ಪೂರ್ತಿ ಮೇಲಿರುವ ಜಾಗ. ಆದರೆ ಅದು ನಿಂತೇ ಇರುವ ಆ ಚೂರಿನಲ್ಲಿ ಸರಿಯಾದ ನಡು ಯಾವುದು?

ಅವ್ವ ಕೊರಳಲ್ಲಿದ್ದ ಹಳದಿ ಟೇಪು ತೆಗೆದಳು. ಕೆಂಪು ದಾರ ಏರುವಾಗ ಒಂದು ಎತ್ತರಕ್ಕೆ ಬಂದ ಕೂಡಲೇ ಪುಲ್ಲಿಯ ಮೇಲೆ ಆ ಬೋಲ್ಟಿನ ನೇರಕ್ಕೆ ಒಂದು ಗೆರೆ, ಇಳಿಯುವಾಗ ಅದೇ ಎತ್ತರಕ್ಕೆ ಬಂದಾಗ ಇನ್ನೊಂದು. ಎರಡರ ನಡುವೆ ಟೇಪು ಹಿಡಿದು ಅಳತೆ ತೆಗೆದು, ಟೇಪನ್ನು ಅರ್ಧಕ್ಕೆ ಮಡಚಿದಳು. ಜಂಪರಿನ ಬೆನ್ನಿನ ನಡು ಹುಡುಕುವುದೂ ಹೀಗೆಯೇ. ಮಡಿಕೆ ಬಿದ್ದಲ್ಲಿ ಹೊಸ ಗೆರೆ ಎಳೆಯಲು ಚಾಕ್‌ಪೀಸನ್ನು ನನ್ನ ಕೈಗೆ ಕೊಟ್ಟಳು.

"ಎಳಿ. ಈ ಸಲ ಖರೇ ಜಾಗದಾಗ ಎಳಿ."

 ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ನಾನು ಎಳೆದೆ. ಮತ್ತೆ ಎಲ್ಲ ಕೂಡಿಸಿ, ಪಾನಾ ಹಚ್ಚಿ ಕೈಯಿಂದ ಎರಡು ಸುತ್ತು ತಿರುಗಿಸಿದಾಗ ಎಲ್ಲಿಯೂ ತಡೆಯಲಿಲ್ಲ. ಪ್ಲಗ್ಗು ಕೂಡಿಸಿ ಕಾಕಾ ಚಾವಿ ತಿರುವಿದ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಮೊದಲಿನ ಸಣ್ಣ ದನಿಯಲ್ಲ, ಎದೆಗೆ ತಟ್ಟುವ ಗುಡುಗುಡು. ಪತ್ರಾ ನಡುಗಿ ಮೇಲಿದ್ದ ಕೋಳಿಗಳು ಹಾರಿದವು. ಖಾಜಾ ಎದ್ದುನಿಂತು ಅವ್ವನಿಗೆ ಸಲಾಮು ಹೊಡೆದ. "ಭಾಬಿ, ಸೊಲ್ಲಾಪುರಕ್ಕ ಬರ್ರಿ. ನಿಮ್ಮ ಕೈಕೆಳಗ ನಾ ಕೆಲಸ ಮಾಡ್ತೇನಿ."

ರವಿವಾರದ ಪಂದ್ಯದಲ್ಲಿ ಕಾಕಾ ಎರಡನೆಯವನಾಗಿ ಬಂದ. ಮೊದಲು ಬಂದವನು ಯಾರೋ ನೆನಪಿಲ್ಲ. ನೆನಪಿರುವುದು ಆ ದಿಬ್ಬವನ್ನು ಕಾರು ಕೂಗುತ್ತ ಏರಿಹೋದದ್ದು. ಊರಿಗೆ ಮರಳಿದ ಮೇಲೆ ಕಾಕಾ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಕಟ್ಟೆಯ ಮುಂದೆ ಮೂರು ಸಲ ಸುತ್ತಿಸಿದ. ಅವಳು ಯಾರ ಕಡೆಗೂ ನೋಡದೆ, ಯಾರದೋ ಜಂಪರಿಗೆ ಕೈಹೊಲಿಗೆ ಹಾಕುತ್ತ ಕೂತಿದ್ದಳು. ಮೇವಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

"ಯಾಕ ಬೈಲಿಲ್ಲವ್ವ?" ಎಂದು ಎಷ್ಟೋ ದಿನದ ಮೇಲೆ ಕೇಳಿದ್ದೆ.

"ಜೋರ ಕೊಡೂಕಿಂತ ಮದಲ ಹೇಳಿದ್ಯಲ್ಲ," ಎಂದಳು. ಅಷ್ಟೇ.

ಆ ಕಾರು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಹೊಸ ಕಾರುಗಳ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ಕಿನ ಮುಚ್ಚಳ ಕಾಣುತ್ತದೆ, ತಪ್ಪು ಹುಡುಕುವುದು ಕಂಪ್ಯೂಟರು. ಎಂಜಿನ್ನಿನಿಂದ ಬಿಚ್ಚಿದ ಹಳೆಯ ಸರಳೊಂದನ್ನು ಅವ್ವ ಕೊನೆಯವರೆಗೂ ಕತ್ತರಿಸುವ ಅರಿವೆ ಸರಿಯದಂತೆ ಮೇಲೆ ಭಾರ ಇಡಲು ಬಳಸಿದಳು. ಅವಳು ಹೋದ ಮೇಲೆ ಅದನ್ನು ನಾನು ತಂದಿಟ್ಟುಕೊಂಡೆ. ಈಗ ಜೇವರ್ಗಿ ಕಡೆಯ ಒಂದು ಸಾಲಿಯಲ್ಲಿ ಗಣಿತ ಕಲಿಸುತ್ತೇನೆ. ಉತ್ತರ ಪತ್ರಿಕೆಗಳ ಮೇಲೆ ಆ ಸರಳು ಕೂತಿರುತ್ತದೆ. ನಡುಬಿಂದು ಕಲಿಸುವ ದಿನ ಮಕ್ಕಳ ಕೈಗೆ ಟೇಪು ಕೊಟ್ಟು ಮಡಚಿಸುತ್ತೇನೆ.

ಅದಾದ ಮೇಲೆ ನಾನು ಪುಲ್ಲಿ ತಿಕ್ಕಿದ್ದಕ್ಕಿಂತ ದೊಡ್ಡ ತಪ್ಪುಗಳನ್ನು ಮಾಡಿದ್ದೇನೆ. ಅವ್ವನ ಪುಣ್ಯ, ಜೋರು ಕೊಡುವ ಮೊದಲೇ ಬಾಯಿಬಿಟ್ಟು ಹೇಳುವ ರೂಢಿ ಉಳಿದಿದೆ. ಹೇಳಿದಾಗ ಜನ ಯಾಕೆ ಮಾಡಿದೆ ಎಂದು ಕೇಳುತ್ತಾರೆ, ಮುಚ್ಚಿಟ್ಟದ್ದು ಯಾಕೆ ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೂ ಪ್ರತಿ ಸಲ ತಲೆ ತಗ್ಗಿಸಿ ನಿಂತಾಗ, ಹೋಗು, ಬಣವಿಯಿಂದ ನೆಟ್ಟಗಿನ ಒಂದು ಕಡ್ಡಿ ತಾ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.