ಅಪ್ಪನ ಮುದ್ರೆಯ ಚೀಟಿ

ವಿಶ್ವನಾಥನ ಊರಿನ ಬಂಗಾಲಿ ಟೋಲಾ ಕೇರಿಯ ನಮ್ಮ ಮನೆಗೆ ಕರ್ನಾಟಕದ ಯಾತ್ರಿಕರು ಬರುತ್ತಿದ್ದರು. ಅಪ್ಪ ಅವರಿಗೆ ಪುರೋಹಿತರು. ಪ್ರಯಾಗಕ್ಕೆ ಹೋಗಿಬರುವವರ ಕೈಗೆ ಅವರೊಂದು ಚೀಟಿ ಕೊಡುತ್ತಿದ್ದರು: ‘ನಮ್ಮವರು, ಇಷ್ಟು ಜನ.’ ಕೆಳಗೆ ಅವರ ಮುದ್ರೆ. ಅದನ್ನು ತೋರಿಸಿದರೆ ಸಾಕು, ಪ್ರಯಾಗದ ಅಜ್ಜಿ ಹೆಸರನ್ನೂ ಕೇಳದೆ ಇಳಿಸಿಕೊಂಡು ಊಟ ಹಾಕುತ್ತಿದ್ದರು. ಅಜ್ಜಿಯ ಗಂಡ ಅಪ್ಪನ ಜೊತೆ ಪುರೋಹಿತಿಕೆ ಮಾಡಿದವರು, ತೀರಿಕೊಂಡಿದ್ದರು. ಯಾತ್ರಿಕರು ಹೊರಡುವಾಗ ಮನಸ್ಸಿಗೆ ಬಂದಷ್ಟು ಕೊಟ್ಟದ್ದರಲ್ಲೇ ಅಜ್ಜಿಯ ಸಂಸಾರ ನಡೆಯಬೇಕು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಮಂಗೋಲರು ಆಳಿದ ಚೀನಾ ಎಂದರೆ ನನಗೆ ಹುಚ್ಚು. ರಾಜಧಾನಿಗೆ ಅಕ್ಕಿ ಸಾಗಿಸಲು ಅವರು ಕಾಲುವೆ ಬೆಳೆಸಿದರು, ಕಾಗದದ ಹಣವನ್ನು ದೇಶಕ್ಕೆಲ್ಲ ಹರಡಿದರು, ತೆರಿಗೆ ಎತ್ತಲು ದೂರದೇಶದವರನ್ನು ಕೂರಿಸಿದರು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ದಾರಿಯುದ್ದದ ಠಾಣೆಗಳು. ಅರಸನ ಬಿಲ್ಲೆ ಹಿಡಿದು ಬಂದವನಿಗೆ ಅಲ್ಲಿ ಹೊಸ ಕುದುರೆ, ಊಟ, ಹಾಸಿಗೆ ಸಿಗುತ್ತಿತ್ತು. ಕುದುರೆ, ಮೇವು ಎಲ್ಲ ಆ ಠಾಣೆಗೆ ಗೊತ್ತುಮಾಡಿದ ಮನೆಯವರ ತಲೆಮೇಲೆ.

ಅಂಥ ಬಿಲ್ಲೆ ನಮ್ಮ ಮನೆಯಲ್ಲೂ ಇದೆ ಎಂದು ಒಂದು ದಿನ ಗೆಳೆಯರ ಮುಂದೆ ಹಿಂದಿಯಲ್ಲಿ ಕೊಚ್ಚಿಕೊಂಡೆ. ಕೊಚ್ಚಿಕೊಂಡ ಮೇಲೆ ತೋರಿಸಬೇಕಲ್ಲ. ಅಪ್ಪ ಘಾಟಿಗೆ ಹೋಗಿದ್ದಾಗ ಮುದ್ರೆ ಒತ್ತಿ ನಾನೇ ಬರೆದೆ: ‘ನಮ್ಮವರು, ಏಳು ಜನ.’

ಗೆಳೆಯರನ್ನು ಕಟ್ಟಿಕೊಂಡು ಪ್ರಯಾಗಕ್ಕೆ ಹೋದೆ. ಅಜ್ಜಿ ಚೀಟಿ ನೋಡಿ, ನನ್ನ ಮುಖ ನೋಡಿ ಕೇಳಿದರು, “ಅಪ್ಪ ಕಳ್ಸಿದ್ರೇನಪ್ಪ?”

“ಹೂಂ ಅಜ್ಜಿ,” ಎಂದೆ.

ಎರಡು ದಿನ ಏಳು ಜನ ಹೊಟ್ಟೆ ಬಿರಿಯ ತಿಂದೆವು. ಮಾಘದ ಚಳಿ. ಇದ್ದ ರಜಾಯಿಗಳೆಲ್ಲ ನಮಗೆ ಬಂದವು. ಅಜ್ಜಿ ಒಲೆಯ ಪಕ್ಕ ಗೋಣಿ ಹಾಸಿ ಮಲಗಿದ್ದನ್ನು ನಾನು ನೋಡಿದೆ, ನೋಡಿಯೂ ರಜಾಯಿ ಎಳೆದುಕೊಂಡೆ. ಹೊರಡುವಾಗ ಕಾಲು ಮುಟ್ಟಿದೆವು, ಏನೂ ಕೊಡಲಿಲ್ಲ. ಬಸ್ಸಿನಲ್ಲಿ ಗೆಳೆಯರು ನನ್ನನ್ನು ಮಂಗೋಲ ಅರಸರಂತೆ ಖಾನ್ ಎಂದು ಕರೆದರು. ನಾನು, ನಾಚಿಕೆಗೆಟ್ಟವನು, ಉಬ್ಬಿಹೋದೆ.

ಮರುದಿನವೇ ಅಪ್ಪ ನಿಜವಾದ ಯಾತ್ರಿಕರನ್ನು ಕಳಿಸಿದರು. ಬರೀ ಗಂಜಿ ಹಾಕಿದರೆಂದು ಅವರು ಬಂದು ದೂರಿದರು. ಅಪ್ಪ ಕಾಗದ ಬರೆದು ಕೇಳಿದರು. ಉತ್ತರ ಬಂದಾಗ ಗಟ್ಟಿಯಾಗಿ ಓದಿದರು: “ಅಕ್ಕಿ ಮುಗಿದಿತ್ತು. ತಪ್ಪು ನನ್ನದೇ.” ನನ್ನ ಸುದ್ದಿ ಒಂದಕ್ಷರ ಇರಲಿಲ್ಲ.

“ವಯಸ್ಸಾಯ್ತು, ಪಾಪ,” ಎಂದರು ಅಪ್ಪ. “ಆದ್ರೆ ಬಂದವ್ರನ್ನ ಅರೆಹೊಟ್ಟೇಲಿ ಮಲಗ್ಸೋಕಾಗುತ್ತಾ? ಬೇರೆ ಮನೆ ನೋಡ್ಬೇಕು.”

ಆಗ ಬಾಯಿ ಬಿಡಬೇಕಿತ್ತು. ಪುಸ್ತಕ ಹಿಡಿದು ಕೂತೇ ಇದ್ದೆ.

ಪರೀಕ್ಷೆಯಲ್ಲಿ ಆ ಠಾಣೆಗಳು ಯಾಕೆ ಹಾಳಾದವು ಎಂಬ ಪ್ರಶ್ನೆ ಬಂತು. ದೊಡ್ಡ ಮನೆತನದವರು, ವ್ಯಾಪಾರಿಗಳು ಬಿಲ್ಲೆ ಹಿಡಿದು ಸ್ವಂತ ಕೆಲಸಕ್ಕೆ ತಿರುಗಿದರು, ಬಿಟ್ಟಿ ತಿಂದರು, ಕುದುರೆ ಕೊಡುವ ಮನೆಗಳು ಸೋತು ಊರು ಬಿಟ್ಟವು ಎಂದು ಪುಟಗಟ್ಟಲೆ ಬರೆದೆ. ತರಗತಿಗೇ ಮೊದಲು ಬಂದೆ.

ಅಪ್ಪ ಹಿಗ್ಗಿ ವಿಶ್ವನಾಥ ಗಲ್ಲಿಯಿಂದ ಪೇಡಾ ತಂದರು. ಪ್ರಯಾಗಕ್ಕೆ ಹೊರಟವರ ಕೈಯಲ್ಲಿ ಅಜ್ಜಿಗೂ ಒಂದು ಡಬ್ಬಿ ಕಳಿಸಿದರು. ಡಬ್ಬಿ ಹಾಗೇ ವಾಪಸ್ ಬಂತು. ಮನೆಗೆ ಬೀಗ, ಯಾತ್ರಿಕರು ಬರುವುದು ನಿಂತಮೇಲೆ ಅಜ್ಜಿ ಊರು ಬಿಟ್ಟರಂತೆ, ಎಲ್ಲಿಗೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ.

“ಒಂದು ಮಾತೂ ಹೇಳ್ದೆ ಹೋದ್ರಲ್ಲ,” ಎಂದು ಅಪ್ಪ ಬೇಜಾರು ಮಾಡಿಕೊಂಡರು. ಆಮೇಲೆ ಡಬ್ಬಿ ಬಿಚ್ಚಿ, ಮೊದಲ ಪೇಡಾ ನನ್ನ ಕೈಗಿಟ್ಟರು. ತಿಂದೆ.