ಇಮಾಮುದ್ದೀನ ಬದಲಿಸಿದ ಎರಡು ಶಬ್ದ

ನಮ್ಮ ತಂಬೂರು ಊರಿನ ಹಾಲಿನ ಕೇಂದ್ರಕ್ಕೆ ಲೆಕ್ಕ ಬರೆಯುವ ಮಷೀನು ತಂದುಕೊಟ್ಟವರು ಇಮಾಮುದ್ದೀನ. ಕಲಘಟಗಿ ಬಜಾರದಲ್ಲಿ ಇಪ್ಪತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೈಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಒಂದು ಖಾಸಗಿ ಡೇರಿಗೆ ಸೇರಿದರು. ಇಪ್ಪತ್ತಾರು ಊರಿಗೆ ಇಪ್ಪತ್ತಾರು ಮಷೀನು, ನೋಡಲು ಮೊಬೈಲಿನಂಥವೇ. ಅವನ್ನೆಲ್ಲ ಹೊಂದಿಸಿ ಕೊಡುವುದು, ಕೆಟ್ಟರೆ ನೋಡುವುದು ಅವರ ಕೆಲಸ.

ನಮ್ಮ ಯಜಮಾನರು ತೀರಿಕೊಂಡಾಗಿನಿಂದ, ಹನ್ನೊಂದು ವರ್ಷ, ಕೇಂದ್ರದಲ್ಲಿ ಹಾಲು ಅಳೆಯುವುದು ನನ್ನ ಕೆಲಸ. ಸಾಲಿ ಕಲಿತದ್ದು ಎರಡನೇ ತರಗತಿ ತನಕ. ಅಕ್ಷರ ಕೂಡಿಸಿ ನಿಧಾನ ಓದುತ್ತೇನೆ. ಬಾಗಿಲ ಹಿಂದಿನ ಗೋಡೆಗೆ ಸುಣ್ಣದ ಕಡ್ಡಿಯಿಂದ, ಒಬ್ಬೊಬ್ಬರದು ಒಂದೊಂದು ಸಾಲಿನಲ್ಲಿ, ಒಂದು ಲೀಟರಿಗೆ ಒಂದು ಗೆರೆ ಹಾಕುತ್ತಿದ್ದೆ. ಮಷೀನು ಬಂದ ಮೇಲೂ ಆ ರೂಢಿ ಬಿಡಲಿಲ್ಲ.

ಮಷೀನು ತಂದ ದಿನ ಇಮಾಮುದ್ದೀನ ಬಿಳಿ ಟವೆಲ್ ಹಾಸಿ, ಗಡಿಯಾರಕ್ಕೆ ಊದಿದಂತೆ ಒಮ್ಮೆ ಊದಿ, ಸಿಮ್ಮು ಹಾಕಿದರು. ಹಾಲು ಬರೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿದರು. ಹಾಡಿಲ್ಲ, ಸಿನಿಮಾ ಇಲ್ಲ.

"ಇದು ಕಳೀತಂದ್ರ ನಾ ಕಲಘಟಗ್ಯಾಗ ಕುಂತ ಕೀಲಿ ಹಾಕತೇನ್ರಿ, ಅವ್ವಾರ."

"ಹಂಗಾರ ಮಷೀನ ನನ್ನ ಕೈಯಾಗ, ಕೀಲಿ ನಿನ್ನ ಕೈಯಾಗ."

"ಹೌದ್ರಿ, ಅಗದಿ ಅತ್ತಿ-ಸೊಸಿ ಇದ್ದಂಗ."

ಅದರಲ್ಲಿ ಇಂಗ್ಲಿಷ್ ಇತ್ತು. ಯಾವ ಗುಂಡಿ ಎಲ್ಲಿದೆ ಎಂದು ನೆನಪಿಟ್ಟು ಒತ್ತುತ್ತಿದ್ದೆ. ನನಗೆ ಕನ್ನಡ ಓದಲು ಬರುತ್ತದೆಂದು ತಿಳಿದು, ಅವರೇ ಡೇರಿಯವರ ಬೆನ್ನು ಹತ್ತಿ ಒಪ್ಪಿಸಿ, ತಾವೇ ಕನ್ನಡ ಶಬ್ದ ತುಂಬಿದರು. ಒಂದು ಸಂಜೆ ಎಲ್ಲ ಮಷೀನಿಗೂ ತಾನಾಗಿ ಬಂತು. ಗುಂಡಿಗಳ ಜಾಗವೂ ಬದಲಾಗಿತ್ತು. ನನಗೆ ಬಹಳ ಸಂತೋಷವಾಯಿತು.

ಅದಾಗಿ ಎಂಟು ದಿನ ಹಾಲು ಹಾಕಿದ ಯಾರ ಮೊಬೈಲಿಗೂ ದಿನಾ ಬರುವ ಲೆಕ್ಕದ ಮೆಸೇಜು ಬರಲಿಲ್ಲ. ಕ್ಯಾನು ತುಂಬಿ ಹೋಗುತ್ತಿತ್ತು, ಡೇರಿಯ ಲೆಕ್ಕದಲ್ಲಿ ಯಾರ ಹೆಸರೂ ಇರಲಿಲ್ಲ. ಬಾಜು ಮನೆಯ ಶಿವಗಂಗವ್ವ ಎಲ್ಲರ ಮುಂದೆ ಅಂದಳು: "ಏನಬೇ ಮಲ್ಲಕ್ಕ, ನಮ್ಮ ಎಮ್ಮಿ ಹಾಲು ನಿನ್ನ ಮಷೀನ ಕುಡೀತೈತೇನ?"

ಸೋಮವಾರ ಮಷೀನು ವಾಪಸ್ ಕೊಡಿ, ಬೇರೆಯವರನ್ನು ನೋಡುತ್ತೇವೆ ಎಂದು ಡೇರಿಯ ಮ್ಯಾನೇಜರ್ ಫೋನು ಮಾಡಿದರು. ಹನ್ನೊಂದು ವರ್ಷ ಅಳೆದ ಕೈ ಕಳ್ಳಗೈ ಅನ್ನಿಸಿಕೊಂಡು ಮನೆಗೆ ಹೋಗಬೇಕಾಗಿತ್ತು.

ರವಿವಾರ ಬೆಳಿಗ್ಗೆ ಇಮಾಮುದ್ದೀನ ಗಾಡಿ ತಗೊಂಡು ತಾವಾಗಿ ಬಂದರು. "ದಿನಾ ಹೆಂಗ ಮಾಡತೀರಿ ಹಂಗ ಮಾಡ್ರಿ. ನಾ ಸುಮ್ಮ ನೋಡತೇನಿ."

ಶಿವಗಂಗವ್ವನ ಹಾಲು ಎರಡೂವರೆ ಲೀಟರ್. ಬರೆದೆ. ಮೇಲೆ 'ಉಳಿಸು', ಕೆಳಗೆ 'ಅಳಿಸು' ಬಂತು. ಕೆಳಗಿನದು ಒತ್ತಿದೆ.

"ತಡೀರಿ. ಅದನ್ಯಾಕ ಒತ್ತಿದ್ರಿ?"

"ಹಾಲು ಅಳಿಯೂದಾತಲ್ಲ. ಅಳಿಸು ಅಂತೈತಿ, ಒತ್ತಿದೆ."

"ಮ್ಯಾಲಿಂದು?"

"ಉಳಿಸು ಅಂತೈತಿ. ಮಂದಿ ಹಾಲು ಉಳಿಸ್ಕೊಳ್ಳಾಕಿ ನಾನಲ್ಲ, ತಮ್ಮಾ."

ಅವರು ಚಾಳೀಸು ಕನ್ನಡಕ ತೆಗೆದು, ಮಷೀನು ನನ್ನ ಕಡೆ ತಿರುಗಿಸಿದರು. "ಇದರಾಗ ಉಳಿಸು ಅಂದ್ರ ಬರದಿಡು ಅಂತ್ರಿ. ಅಳಿಸು ಅಂದ್ರ ಬರದದ್ದು ಒರಸಿಬಿಡು ಅಂತ. ನಮ್ಮ ಕಡಿ ಅಳಿಯೂದಂದ್ರ ಅಳತಿ ಮಾಡೂದು. ಶಬ್ದ ತುಂಬಿದಾಂವ ನಾನು, ಮೊದಲ ನಿಮ್ಮ ಮುಂದ ಹಿಡದು ಓದಿಸಬೇಕಿತ್ತು. ತಪ್ಪು ನಂದ್ರಿ."

ಒರೆಸಿದ್ದು ಒಂದು ತಿಂಗಳು ಡೇರಿಯ ಕಂಪ್ಯೂಟರಿನಲ್ಲಿ ಇರುತ್ತದಂತೆ. ಟವೆಲ್ ಹಾಸಿ ತಮ್ಮ ಲ್ಯಾಪ್‌ಟಾಪ್ ತೆರೆದರು. ಎಂಟೂ ದಿನದ್ದು ಮರಳಿ ಬಂತು. ನಾನು ಬಾಗಿಲು ಸರಿಸಿ ಗೋಡೆ ತೋರಿಸಿದೆ. ಅವರು ಒಂದೊಂದೇ ಹೆಸರು ಓದಿದರು, ನಾನು ಗೆರೆಯ ಮೇಲೆ ಬೆರಳಿಟ್ಟೆ. ಅರ್ಧ ಲೀಟರಿನ ಮೋಟು ಗೆರೆಯೂ ತಪ್ಪಲಿಲ್ಲ. ಶಿವಗಂಗವ್ವ ತನ್ನ ಹೆಸರು ಎಂಟು ಸಲ ಬರುವ ತನಕ ನಿಂತಿದ್ದಳು. ಆಮೇಲೆ, "ನಾಳಿಂದ ನನ್ನ ಚರಿಗಿ ಹಾಲು ಮೊದಲ ಅಳಿಬೇ" ಅಂದಳು.

ಇಮಾಮುದ್ದೀನ ನನ್ನೆದುರೇ ಮ್ಯಾನೇಜರಿಗೆ ಫೋನು ಮಾಡಿ, ತಪ್ಪು ತಮ್ಮದೆಂದು ಹೇಳಿದರು. ನನ್ನ ಮೇಲೆ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. 'ಬರೆದಿಡು', 'ಒರೆಸು' ಎಂದು ಬದಲಿಸಿ, ನಾನು ಓದಿದ ಮೇಲೆಯೇ ಇಪ್ಪತ್ತಾರು ಮಷೀನಿಗೂ ಕಳಿಸಿದರು. ಇನ್ನೆರಡು ಊರಿನಲ್ಲೂ ಹೀಗೇ ಆಗಿತ್ತಂತೆ, ಅಲ್ಲಿ ಹಾಲು ಅಳೆಯುವವರು ಹೇಳಲು ಅಂಜಿದ್ದರು.

ಸೋಮವಾರ ಮಷೀನು ನನ್ನ ಕೈಯಲ್ಲೇ ಇತ್ತು, ಈಗಲೂ ಇದೆ. ಹೊಸ ಶಬ್ದ ಹಾಕುವ ಮೊದಲು ಅವರ ಫೋನು ಬರುತ್ತದೆ. ಮೊನ್ನೆ 'ಮುಂದೂಡು' ಅಂದರೇನು ಎಂದು ಕೇಳಿದರು.

"ಕೆಸರಾಗ ಚಕ್ಕಡಿ ಸಿಕ್ಕಿಬಿದ್ರ ಮುಂದ ದೂಡೂದು."

"ಅದನ್ನೂ ತಗೀತೇನ್ರಿ, ಅವ್ವಾರ" ಅಂದರು.