ಗೋಳಿಬಜೆ ಎಣ್ಣೆಯಲ್ಲಿ ಓಡಿದ ಚಕ್ಕಿ

ಐವತ್ತರ ದಶಕದ ಮಾತು. ಮಲಾಡ್ ಸ್ಟೇಷನ್ನಿನ ಹತ್ತಿರ ನಮ್ಮಣ್ಣನ ಹೋಟೆಲ್ ಇತ್ತು. ಅದರ ಹಿಂದೆ ಡೀಸೆಲ್ ಎಂಜಿನ್ನಿನಿಂದ ನಡೆಯುವ ಹಿಟ್ಟಿನ ಚಕ್ಕಿ, ಅದೂ ಅವನದೇ. ನಾನು ರಸಾಯನಶಾಸ್ತ್ರ ಓದಿ ಕುರ್ಲಾದ ಸಾಬೂನು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಗೋಳಿಬಜೆ ಕರಿದು ಕಪ್ಪಾದ ಎಣ್ಣೆಯನ್ನು ಹೋಟೆಲಿನವರು ಮೋರಿಗೆ ಸುರಿಯುವಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ಎಣ್ಣೆಯಲ್ಲೇ ಚಕ್ಕಿ ಓಡಿಸುತ್ತೇನೆ ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿಬಿಟ್ಟೆ.

ಮೊದಲು ಎಣ್ಣೆಯನ್ನು ಸೋಸಿ ಹಾಗೆಯೇ ಹಾಕಿದೆ. ದಪ್ಪ ಎಣ್ಣೆಗೆ ಎಂಜಿನ್ನಿನ ಗಂಟಲು ಕಟ್ಟಿತು. ಮೆಕ್ಯಾನಿಕ್ ಬಂದು ಬಿಚ್ಚಿ ತೊಳೆಯುವವರೆಗೆ ಚಕ್ಕಿ ಬಂದ್. ಗೋಧಿ ಡಬ್ಬ ಹಿಡಿದು ಬಂದ ಹೆಂಗಸರು ಅಣ್ಣನಿಗೆ ಮರಾಠಿಯಲ್ಲಿ ಮಂಗಳಾರತಿ ಮಾಡಿದರು. ಅಣ್ಣ ಅದನ್ನು ನನಗೆ ದಾಟಿಸಿದ. ಇನ್ನೊಮ್ಮೆ ಎಂಜಿನ್ ಕೆಟ್ಟರೆ ಕಾರ್ಖಾನೆ ಬಿಟ್ಟು ಹೋಟೆಲಿನ ಗಲ್ಲಾದಲ್ಲಿ ಕೂರಬೇಕು ಎಂದ. ನನ್ನನ್ನು ಓದಿಸಿದವನು ಅವನೇ, ಮಾತು ಮೀರುವಂತಿರಲಿಲ್ಲ. ನನಗೋ ಗಲ್ಲಾ ಎಂದರೆ ಜೈಲು.

ಎಣ್ಣೆಯನ್ನು ತೆಳುವಾಗಿಸುವ ದಾರಿ ಗೊತ್ತಿತ್ತು. ಕಾಸ್ಟಿಕ್ ಸೋಡಾ ಕರಗಿಸಿದ ಮಿಥೈಲ್ ಸ್ಪಿರಿಟ್ಟನ್ನು ಬೆಚ್ಚಗಿನ ಎಣ್ಣೆಗೆ ಬೆರೆಸಿ ಕಲಕಿದರೆ ಗ್ಲಿಸರಿನ್ ತಳಕ್ಕಿಳಿದು ಮೇಲೆ ತೆಳು ಇಂಧನ ನಿಲ್ಲುತ್ತದೆ. ಲ್ಯಾಬಿನಲ್ಲಿ ಸಲೀಸಾಗಿ ಆಯಿತು. ಹೋಟೆಲಿನ ಹಿತ್ತಿಲಲ್ಲಿ ಹಂಡೆಯಿಟ್ಟು ಮಾಡಿದರೆ ಅರ್ಧಕ್ಕರ್ಧ ಗಂಜಿಯಂಥ ಸಾಬೂನು. ಸ್ಪಿರಿಟ್ ಹೆಚ್ಚಿಸಿದೆ, ಸೋಡಾ ಹೆಚ್ಚಿಸಿದೆ, ಸಾಬೂನೂ ಹೆಚ್ಚಿತು. ಪಾನನಿರೋಧದ ಕಾಲ ಬೇರೆ. ಸ್ಪಿರಿಟ್ಟಿನ ವಾಸನೆಗೆ ಪಕ್ಕದ ಬಿಲ್ಡಿಂಗಿನವರು ಕಳ್ಳಭಟ್ಟಿಯೇ ಎಂದು ಅಣ್ಣನನ್ನೇ ಅನುಮಾನದಿಂದ ನೋಡತೊಡಗಿದರು.

"ಸೋಪು ಮಾಡ್ಲಿಕ್ಕೆ ಕುರ್ಲಾದಲ್ಲಿ ಕಾರ್ಖಾನೆ ಉಂಟಲ್ಲ ಮಾರಾಯ, ಇಲ್ಲಿ ಎಂತಕ್ಕೆ?" ಎಂದ ಅಣ್ಣ. ನನಗೆಂದು ಗಲ್ಲಾದ ಕುರ್ಚಿಗೆ ಹೊಸ ದಿಂಬು ಹೊಲಿಸಲೂ ಹೇಳಿದ್ದ.

ಮುಂದಿನ ಭಾನುವಾರ ಮತ್ತೆ ಹಂಡೆ ಇಳಿಸಿದೆ. ಎಣ್ಣೆ ಸುರಿಯುವ ಮೊದಲು ಒಂದು ಚೊಂಬು ನೀರು ಹಾಕಿ, ಗಲಬರಿಸಿ ಚೆಲ್ಲಿದೆ. ಚೆಲ್ಲಿದ ಕೈ ಅಲ್ಲೇ ನಿಂತಿತು. ತೊಳೆದಿಟ್ಟ ಪಾತ್ರೆಯನ್ನೂ ಬಳಸುವ ಮುಂಚೆ ಒಮ್ಮೆ ಗಲಬರಿಸಬೇಕೆಂಬುದು ಉಡುಪಿ ಕಡೆಯ ನಮ್ಮ ಅಡುಗೆಮನೆಯ ಕಟ್ಟಳೆ. ಲ್ಯಾಬಿನಲ್ಲಿ ಒಣಗಿದ ಗಾಜು, ಇಲ್ಲಿ ಒದ್ದೆ ಹಂಡೆ! ಬಜೆಹಿಟ್ಟಿನ ನೀರೂ ಎಣ್ಣೆಯಲ್ಲಿ ಉಳಿದಿತ್ತು. ನೀರು ಸೇರಿದರೆ ಸೋಡಾ ಎಣ್ಣೆಯನ್ನು ಸಾಬೂನು ಮಾಡದೆ ಇನ್ನೇನು ಮಾಡೀತು?

ಖಾಲಿ ಹಂಡೆಯನ್ನು ಒಲೆಯ ಮೇಲೆ ಒಣಗಿಸಿದೆ. ಚಟಪಟ ಸದ್ದು ನಿಲ್ಲುವವರೆಗೆ ಎಣ್ಣೆ ಕಾಯಿಸಿ, ಆರಿಸಿ, ಒಲೆಯಿಂದ ದೂರ ಒಯ್ದು ಮೊದಲಿಗಿಂತ ಕಡಿಮೆ ಸ್ಪಿರಿಟ್, ಕಡಿಮೆ ಸೋಡಾ ಬೆರೆಸಿದೆ. ಸಂಜೆಗೆ ತಳದಲ್ಲಿ ಒಂದಿಷ್ಟು ಕಪ್ಪು ಗ್ಲಿಸರಿನ್, ಮೇಲೆಲ್ಲ ಜೇನಿನ ಬಣ್ಣದ ತಿಳಿ. ಹಾಕಿದ ಎಣ್ಣೆ ಹೆಚ್ಚುಕಡಿಮೆ ಪೂರ್ತಿ ದಕ್ಕಿತ್ತು. ಖುಷಿಗೆ ಹಿತ್ತಿಲಲ್ಲಿ ಒಬ್ಬನೇ ನಕ್ಕೆ. ಅದನ್ನು ಬಸಿದು ಶುದ್ಧ ಮಾಡಿಟ್ಟೆ.

ಸೋಮವಾರ ಬೆಳಿಗ್ಗೆ ಅಣ್ಣ ಸೊಂಟಕ್ಕೆ ಕೈಯಿಟ್ಟು ನಿಂತ. ಹೊಸ ಇಂಧನ ಹಾಕಿ ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿತು. ಆಮೇಲೆ ಹಿಡಿದ ಲಯ ಬಿಡಲೇ ಇಲ್ಲ. ಸಾಲಿನಲ್ಲಿದ್ದವರ ಗೋಧಿಯೆಲ್ಲ ಹಿಟ್ಟಾಯಿತು. ಹೊಗೆಯ ಘಮಕ್ಕೆ ಒಬ್ಬಾಕೆ ಭಜಿ ಆಯಿತೇ ಎಂದು ಕೇಳಿದಳು. ಗೆದ್ದೆ ಎಂದು ಕೂಗಬೇಕೆನಿಸಿತು.

ಅಣ್ಣ ಬಗ್ಗಿ ಎಂಜಿನ್ನನ್ನು ನೋಡಿದ. ಆಮೇಲೆ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದ.

"ಗಲ್ಲಾಕ್ಕೆ ಬೇರೆ ಜನ ನೋಡ್ತೇನೆ. ನೀನು ಕಾರ್ಖಾನೆಗೆ ಹೋಗು, ಲೋಕಲ್ ಟ್ರೈನ್ ತಪ್ತದೆ."